ಉಪ್ಪು ಕೊಟ್ಟವರ ದಾಹ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವುದು ನಿಮ್ಮ ಊರಿನ, ನಮ್ಮ ಊರಿನ ಗಾದೆ. ಆ ಊರಿನಲ್ಲಿ ಹಾಗಲ್ಲ. ಅಲ್ಲಿ ಉಪ್ಪು ತಿನ್ನುವವನು ಒಬ್ಬ, ನೀರು ಕುಡಿಯುವವರು ಬೇರೆ.

ಆ ಊರಿಗೆ ಹೆಸರಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಕಲ್ಲುಬಯಲು. ಬೇರೆ ಊರೊಂದು ಪಕ್ಕದಲ್ಲಿದ್ದರೆ ತಾನೇ ಹೆಸರಿನ ಅಗತ್ಯ? ಊರೇ ನಾಡು, ನಾಡೇ ಊರು. ನಡುವೆ ಒಂದು ಬಾವಿ. ಬಾವಿಯ ಮೇಲುಗಡೆ ಮುಂದಾಳಿನ ಮನೆ. ಕೆಳಗಡೆ, ದಕ್ಷಿಣದ ಹೆಬ್ಬಾಗಿಲಿಗೆ ಒತ್ತಿಕೊಂಡು, ತೆಂಕಣ ಕೇರಿ.

ಒಬ್ಬ ಮುಂದಾಳಿನ ಅವಧಿ ಮುಗಿದಾಗ ಊರವರು ಹೊಸಬನನ್ನು ಆರಿಸುವ ಬಗೆ ಹೀಗೆ. ಬಯಸಿ ಬಂದವರ ಹೆಸರಿನಲ್ಲಿ ಒಂದೊಂದು ಮಣ್ಣಿನ ಗುಡಾಣ ಇಡುತ್ತಾರೆ. ಗುಡಾಣಗಳ ಸುತ್ತ ಕಂಬಳಿ ಇಳಿಬಿಡುತ್ತಾರೆ. ಮನೆಯಿಂದ ಹಿಡಿ ಉಪ್ಪು ತಂದವರು ಒಬ್ಬೊಬ್ಬರಾಗಿ ಕಂಬಳಿಯೊಳಗೆ ಹೋಗಿ, ತಮಗೆ ಸರಿಕಂಡವನ ಗುಡಾಣಕ್ಕೆ ಹಾಕಿ, ಕೈ ಕೊಡವಿಕೊಂಡು ಹೊರಗೆ ಬರುತ್ತಾರೆ. ಯಾವ ಗುಡಾಣ ತೂಗಿತೋ ಅವನು ಮುಂದಾಳು. ಸೋತವನ ಉಪ್ಪನ್ನು ದನಗಳು ನೆಕ್ಕಲು ಇಡುತ್ತಾರೆ. ಗೆದ್ದವನ ಉಪ್ಪು ಅವನ ಅಡುಗೆಮನೆಗೆ ಹೋಗುತ್ತದೆ. ಅವಧಿ ಮುಗಿಯುವವರೆಗೆ ಅವನು ಉಣ್ಣುವುದು ಆ ಉಪ್ಪನ್ನೇ.

ಇಷ್ಟು ಮನುಷ್ಯರು ಮಾಡಿಕೊಂಡ ಕಟ್ಟಳೆ. ಇದರ ಹಿಂದೆ, ಯಾರು ಮಾಡಿದ್ದೋ ಯಾರಿಗೂ ಗೊತ್ತಿಲ್ಲದ ಇನ್ನೊಂದು ಕಟ್ಟಳೆಯಿದೆ. ಆ ಉಪ್ಪು ಉಂಡವನು ಯಾರಿಗಾದರೂ ಅನ್ಯಾಯ ಮಾಡಿದರೆ, ಉಪ್ಪು ಕೊಟ್ಟವರಿಗೆಲ್ಲ ದಾಹ ಹತ್ತುತ್ತದೆ. ಅವನಿಗಲ್ಲ. ಅವನು ಉಂಡು, ತೇಗಿ, ಹಾಯಾಗಿ ಮಲಗುತ್ತಾನೆ. ಬಾಯಿ ಒಣಗುವುದು ಕೊಟ್ಟವರದು. ಇಡೀ ಬಾವಿ ಕುಡಿದರೂ ಆ ದಾಹ ಹೋಗುವುದಿಲ್ಲ. ಯಾರಿಗೆ ಅನ್ಯಾಯವಾಯಿತೋ ಅವರ ಮುಂದೆ ನಿಂತು, "ನಾನೂ ಉಪ್ಪು ಹಾಕಿದ್ದೆ, ನೀರು ಕೊಡು" ಎಂದು ಬಾಯಿಬಿಟ್ಟು ಕೇಳಿ, ಅವರು ಕೊಟ್ಟ ನೀರು ಕುಡಿದರೆ ಮಾತ್ರ ಹೋಗುತ್ತದೆ.

ಹಿಂದೆ ಒಬ್ಬ ಮುಂದಾಳು ಗಾಣಿಗನ ಎತ್ತನ್ನು ಹಿಡಿದು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡನಂತೆ. ಮಾರನೆಯ ಬೆಳಗ್ಗೆ ಗಾಣಿಗನ ಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ಗಾಣಿಗ ಬಾಯಿಗೆ ಬಂದಂತೆ ಬೈದ, ಬೈಯುತ್ತಲೇ ಎಲ್ಲರಿಗೂ ನೀರು ಹೊಯ್ದ. ಕುಡಿದವರು ಅಲ್ಲಿಂದ ನೆಟ್ಟಗೆ ಮುಂದಾಳಿನ ಕೊಟ್ಟಿಗೆಗೆ ಹೋಗಿ ಎತ್ತನ್ನು ಬಿಚ್ಚಿಕೊಂಡು ಬಂದರು. ಉಪ್ಪು ಕೊಟ್ಟವರೇ ಎದುರು ಬಂದು ನಿಂತರೆ ಅವನಾದರೂ ಏನು ಮಾಡಿಯಾನು?

ಆ ಕಾಲ ಹೋಯಿತು. ಇನ್ನೊಬ್ಬರ ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನಲು ಮರ್ಯಾದಸ್ಥರಿಗೆ ನಾಚಿಕೆ ಬಂತು. ನಾಚಿಕೆ ಬಂದವರೆಲ್ಲ ಸೇರಿ ಬಾವಿಯ ಪಕ್ಕ ಒಂದು ಅರವಟ್ಟಿಗೆ ಕಟ್ಟಿಸಿದರು. ಯಾರು ಬಂದರೂ ನೀರು, ಯಾಕೆ ಎಂದು ಮಾತ್ರ ಕೇಳಕೂಡದು. ನೀರಿನ ಜೊತೆಗೆ ನೀರುಮಜ್ಜಿಗೆ, ಬೇಸಿಗೆಯಲ್ಲಿ ಪಾನಕ. ಅದರಿಂದ ದಾಹ ಹೋಗುತ್ತಿರಲಿಲ್ಲ, ಬಾಯಿ ಒದ್ದೆಯಾಗುತ್ತಿತ್ತು. ಬಾಯಿ ಒದ್ದೆಯಾಗಿದ್ದರೆ ಮನುಷ್ಯ ಎಷ್ಟು ಕಾಲ ಬೇಕಾದರೂ ತಳ್ಳುತ್ತಾನೆ. ಅದಕ್ಕೆ ಪುಣ್ಯದ ಕೆಲಸ ಅಂತ ಹೆಸರೂ ಬಂತು.

ಆ ಅರವಟ್ಟಿಗೆಯಲ್ಲಿ ನೀರು ಕೊಡುತ್ತಿದ್ದವಳ ಕತೆ ಇದು.

ಅರವಟ್ಟಿಗೆಯವಳು ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರು ಕೆಟ್ಟವರಿಂದ ಕೆಟ್ಟಿತು ಎಂದುಕೊಂಡರೆ ಎಲ್ಲರಿಗೂ ನಿದ್ದೆ ಚೆನ್ನಾಗಿ ಬರುತ್ತದೆ. ಬೆಳಗಾಗುವುದರೊಳಗೆ ಎದ್ದು ನೀರು ಸೇದುತ್ತಿದ್ದಳು. ಹರವಿಗಳನ್ನು ತೊಳೆದು, ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಬಂದವರು ಬೊಗಸೆ ಒಡ್ಡುತ್ತಿದ್ದರು, ಇವಳು ಗಿಂಡಿಯಿಂದ ಹೊಯ್ಯುತ್ತಿದ್ದಳು. ಸಾಕು ಎಂದು ಅವರು ತಲೆ ಅಲ್ಲಾಡಿಸುವವರೆಗೆ ಹೊಯ್ಯುತ್ತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅವಳಿಗೆ ಜೀವದ ಗೆಳತಿಯೆಂದರೆ ತೆಂಕಣ ಕೇರಿಯ ಕುಂಬಾರಗಿತ್ತಿ. ಕೇರಿಯವರ ಅಜ್ಜಂದಿರು ಯಾವುದೋ ಕಾಲದಲ್ಲಿ ಬಯಲು ದಾಟಿ ಬಂದವರು. ಬಂದು ತಲೆಮಾರುಗಳು ಕಳೆದರೂ ಗುಡಾಣಕ್ಕೆ ಉಪ್ಪು ಹಾಕುವ ಹಕ್ಕು ಅವರಿಗೆ ಸಿಕ್ಕಿರಲಿಲ್ಲ. ಆ ಗುಡಾಣ ಮಾಡಿಕೊಡುತ್ತಿದ್ದವರು ಮಾತ್ರ ಅವರೇ. ಕುಂಬಾರಗಿತ್ತಿ ಸಂತೆಯ ದಿನ ಹೊಸ ಹರವಿ ಹೊತ್ತು ತರುತ್ತಿದ್ದಳು. ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ, "ಕೇಳ್ಸ್ಕೊ ಅಕ್ಕ, ಗಂಟೆ ಥರ ಅಂತದೆ" ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ನೆರಳಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಅರವಟ್ಟಿಗೆಯವಳಿಗೆ ಆ ವಾರದಲ್ಲಿ ನಕ್ಕ ನಗೆಯೆಂದರೆ ಅದೊಂದೇ.

ಆ ಸಲ ಮುಂದಾಳಾಗಲು ಬಂದವರು ಇಬ್ಬರು. ಒಬ್ಬ ಊರಿನ ಕಣಜ ಕಾಯುತ್ತಿದ್ದ ಮುದುಕ. ಮಾತಿನ ನಡುವೆ ಕೆಮ್ಮುತ್ತಿದ್ದ. ಕೆಮ್ಮಿ ಮುಗಿಯುವಷ್ಟರಲ್ಲಿ ಏನು ಹೇಳುತ್ತಿದ್ದೆ ಅನ್ನುವುದೇ ಮರೆತುಹೋಗಿ, "ನೋಡೋಣ, ಆದಷ್ಟು ಮಾಡೋಣ" ಎಂದು ಕೂತುಬಿಡುತ್ತಿದ್ದ. ಇನ್ನೊಬ್ಬ ಮಾತುಗಾರ. ಅವನು ಮಾತಾಡಲು ಬಾವಿಯ ಕಟ್ಟೆ ಹತ್ತಿದರೆ ಅಳುವ ಕೂಸು ಸುಮ್ಮನಾಗುತ್ತಿತ್ತು. ಊರಿನ ನಾಯಿಗಳ ಹೆಸರೂ ಅವನಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಮಾತುಗಾರ ಅರವಟ್ಟಿಗೆಗೆ ಬಂದ. ಬೊಗಸೆ ಒಡ್ಡಿ ಕುಡಿದ. ಮುಖ ಒರೆಸಿಕೊಂಡು, "ಈ ನೀರಿಗೆ ರುಚಿ ಬಂದಿರೋದು ಬಾವಿಯಿಂದ ಅಲ್ಲ ತಾಯಿ, ನಿಮ್ಮಿಂದ" ಎಂದ. ಆಮೇಲೆ ತಲೆಯೆತ್ತಿ ಸೂರು ನೋಡಿ, "ಇಂಥ ಪುಣ್ಯಾತ್ಗಿತ್ತೀನ ಸೋರೋ ಗರಿ ಕೆಳಗೆ ನಿಲ್ಲಿಸಿದ್ದಾರಲ್ಲ!" ಎಂದು ಲೊಚಗುಟ್ಟಿ, "ನಾನು ಬಂದರೆ ಹೆಂಚು ಹೊದಿಸ್ತೀನಿ" ಎಂದ.

ಅಷ್ಟು ವರ್ಷ ನೀರು ಕೊಟ್ಟರೂ ಅವಳ ಮುಖ ನೋಡಿ ಒಬ್ಬರೂ ಹೀಗೆ ಅಂದಿರಲಿಲ್ಲ. ಅವಳ ಕಣ್ಣು ತುಂಬಿಕೊಂಡವು. ಅದು ತಪ್ಪಲ್ಲ. ಆದರೆ ಅಲ್ಲಿಂದ ಅವನು ನೇರ ಕಟ್ಟೆ ಹತ್ತಿ, "ಬಾವಿ ಬತ್ತುತ್ತಾ ಇರೋದು ತೆಂಕಣ ಕೇರಿಯಿಂದ. ನಾನು ಬಂದರೆ ದಕ್ಷಿಣದ ಬಾಗಿಲು ತೆಗೆದು ಅವರಿಗೆ ದಾರಿ ತೋರಿಸ್ತೀನಿ" ಎಂದ. ಅದೂ ಅವಳ ಕಿವಿಗೆ ಬಿತ್ತು. ಜನ ನಕ್ಕರು. ಅವಳೂ ಸ್ವಲ್ಪ ನಕ್ಕಳು. ಕಟ್ಟೆ ಹತ್ತಿದವರು ಏನೇನೋ ಹೇಳುತ್ತಾರೆ, ಹೇಳಿದ್ದನ್ನೆಲ್ಲ ಮಾಡುತ್ತಾರಾ ಎಂದುಕೊಂಡಳು.

ಉಪ್ಪು ಹಾಕುವ ಹಿಂದಿನ ದಿನ ಕುಂಬಾರಗಿತ್ತಿ ಬಂದಿದ್ದಳು. ಎಲೆಗೆ ಸುಣ್ಣ ಹಚ್ಚುತ್ತ ತಲೆಯೆತ್ತದೆ ಕೇಳಿದಳು:

"ಅಕ್ಕ, ನೀನು ಯಾರ್ಗೆ ಹಾಕ್ತೀಯ?"

"ಕಣಜದ ತಾತಂಗೆ ಕಣೆ. ಇನ್ನೇನು ಆ ಬಾಯಿಬಡುಕಂಗೆ ಹಾಕ್ತೀನಾ? ನಿನ್ನ ಮೇಲಾಣೆ."

"ಆಣೆ ಯಾಕಕ್ಕ? ನಾನೇನು ನಂಬ್ಲಿಲ್ವ?" ಎಂದು ಕುಂಬಾರಗಿತ್ತಿ ನಕ್ಕು ಎಲೆ ಮಡಿಸಿ ಕೊಟ್ಟಳು.

ಆಡುವಾಗ ಆ ಆಣೆ ಸುಳ್ಳಾಗಿರಲಿಲ್ಲ. ಮಾರನೆಯ ದಿನ ಕಂಬಳಿಯೊಳಗೆ ಹೋಗಿ ನಿಂತಾಗ ಸುಳ್ಳಾಯಿತು. ಒಳಗೆ ಅವಳು, ಕತ್ತಲೆ, ಎರಡು ಗುಡಾಣ. ಒಂದು ಕಡೆ ಕೆಮ್ಮು, ಇನ್ನೊಂದು ಕಡೆ ಆ ಒಳ್ಳೆಯ ಮಾತು. ಆ ಊರಿನ ಜಾಣರು ಆಗಲೇ ಒಂದು ಉಪಾಯ ಕಂಡುಹಿಡಿದಿದ್ದರು. ಹಿಡಿ ಉಪ್ಪು ಹಾಕಿದರೆ ಹಿಡಿ ದಾಹವಂತೆ, ಚಿಟಿಕೆ ಹಾಕಿದರೆ ಚಿಟಿಕೆ ದಾಹವಂತೆ. ಯಾರೂ ತೂಗಿ ನೋಡಿದ್ದಲ್ಲ, ಎಲ್ಲರೂ ನಂಬಿದ್ದರು. ಅವಳು ಬೆರಳ ತುದಿಯಲ್ಲಿ ಒಂದು ಚಿಟಿಕೆ ತೆಗೆದು ಮಾತುಗಾರನ ಗುಡಾಣಕ್ಕೆ ಉದುರಿಸಿದಳು. ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಹಿಡಿ ಹಾಕಿದರೆ ಆರಿಸಿದ ಹಾಗೆ, ಇದು ಒಂದು ಒಳ್ಳೆ ಮಾತಿನ ಋಣ ತೀರಿಸಿದ್ದು ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಳು.

ಅಂದು ಸಂಜೆ ಗುಡಾಣಗಳನ್ನು ತಕ್ಕಡಿಗೆ ಏರಿಸಿದರು. ತಕ್ಕಡಿ ಬಹಳ ಹೊತ್ತು ಅತ್ತ ಇತ್ತ ತೂಗಾಡಿತು. ಕೊನೆಗೆ ಮಾತುಗಾರನ ಕಡೆ ಒಂದು ಕೂದಲೆಳೆಯಷ್ಟು ಬಾಗಿ ನಿಂತಿತು. ಊರು ಹೋ ಎಂದಿತು. ಆ ಕೂದಲೆಳೆ ತನ್ನದೇ ಎಂದು ಅರವಟ್ಟಿಗೆಯವಳಿಗೆ ಅನ್ನಿಸಿತು. ಚಿಟಿಕೆ ಹಾಕಿದವರಿಗೆಲ್ಲ ಹಾಗೇ ಅನ್ನಿಸಿರಬೇಕು. ಹನಿಗೂಡಿ ಹಳ್ಳವಾಗಿತ್ತು, ಹನಿ ಮಾತ್ರ ಯಾರದೂ ಅಲ್ಲ.

ಹೊಸ ಮುಂದಾಳು ಮೊದಲು ಮಾಡಿದ ಕೆಲಸವೆಂದರೆ ಅರವಟ್ಟಿಗೆಗೆ ಹೆಂಚು ಹೊದಿಸಿದ್ದು. ಇದನ್ನೂ ಹೇಳಬೇಕು, ನ್ಯಾಯ ನ್ಯಾಯವೇ. ಕೊಟ್ಟ ಮಾತು ಉಳಿಸಿಕೊಳ್ಳುವವನು ಎಂದು ಎಲ್ಲರೂ ಹೊಗಳಿದರು. ಅವಳೂ ಹೆಂಚಿನ ಕೆಳಗೆ ನಿಂತು ಹಾಗೇ ಅಂದುಕೊಂಡಳು. ಕೊಟ್ಟ ಮಾತು ಇನ್ನೊಂದೂ ಇತ್ತಲ್ಲ ಎನ್ನುವುದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಅತ್ತ ಸರಿಸಿದಳು.

ಆಮೇಲೆ ಡಂಗುರ ಸಾರುವವನು ಬಂದ. ಊರವರೆಲ್ಲ ಸೇದಿಕೊಂಡ ಮೇಲೆ, ಉಳಿದರೆ, ತೆಂಕಣ ಕೇರಿಯವರು ಬಾವಿಗೆ ಬರತಕ್ಕದ್ದು ಎಂದು ಸಾರಿದ.

ಅವನ ಡಂಗುರದ ಸದ್ದು ನಿಲ್ಲುವ ಮೊದಲೇ ಅರವಟ್ಟಿಗೆಯವಳ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಒಂದು ಗಿಂಡಿ ಕುಡಿದಳು. ಇನ್ನೊಂದು ಕುಡಿದಳು. ನೀರು ಕಾದ ಹೆಂಚಿನ ಮೇಲೆ ಬಿದ್ದಂತೆ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಹಾಗಾದರೆ ಚಿಟಿಕೆ ಉಪ್ಪಿಗೆ ಚಿಟಿಕೆ ದಾಹ ಎನ್ನುವುದು ಸುಳ್ಳು. ಉಪ್ಪಿಗೆ ಅಳತೆಯಿತ್ತು, ದಾಹಕ್ಕೆ ಇರಲಿಲ್ಲ.

ತಲೆಯೆತ್ತಿ ನೋಡಿದರೆ ಅರವಟ್ಟಿಗೆಯ ಮುಂದೆ ಜನ. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಎಲ್ಲರ ತುಟಿಯೂ ಒಣಗಿ ಬಿರಿದಿದೆ. ಎಲ್ಲರ ಬಳಿಯೂ ಒಂದೊಂದು ನೆಪ.

"ಬೆಳಿಗ್ಗೆ ಉಪ್ಪಿನಕಾಯಿ ಜಾಸ್ತಿ ಬಡಿಸ್ಕೊಂಡ್ಬಿಟ್ಟೆ" ಎಂದಳು ಅಕ್ಕಸಾಲಿಗನ ಹೆಂಡತಿ, ಊರಿಗೆಲ್ಲ ಕಣಜದ ಮುದುಕನ ಪರ ಮಾತಾಡಿದ್ದವಳು.

"ಬಿಸಿಲು ನೋಡಿ, ಬಿಸಿಲು" ಎಂದ ಒಬ್ಬ. ಆಕಾಶದ ತುಂಬ ಮೋಡವಿತ್ತು.

ಅವಳು ಹೊಯ್ದಳು, ಅವರು ಕುಡಿದರು. ಅವರು ಮರೆಯಾದ ಮೇಲೆ ಅವಳು ಕುಡಿದಳು. ಮಾರನೆಯ ದಿನವೂ ಹೊಯ್ದಳು, ಕುಡಿದರು, ಕುಡಿದಳು. ಹೀಗೆ ಊರಿಗೆ ಊರೇ ಕುಡಿದರೆ ಬಾವಿ ಏನಾಗಬೇಕು? ಹಗ್ಗಕ್ಕೆ ಹಗ್ಗ ಗಂಟು ಹಾಕಬೇಕಾಯಿತು. ಆಗ ಮುಂದಾಳು ಬಾವಿಯ ಕಟ್ಟೆಯ ಮೇಲೆ ನಿಂತು ಆ ಹಗ್ಗವನ್ನು ಎತ್ತಿ ತೋರಿಸಿದ.

"ನಾನು ಹೇಳಿರಲಿಲ್ವಾ? ನೀರು ಇಳೀತಾ ಇದೆ. ಯಾರು ಕುಡೀತಿದ್ದಾರೆ ಇಷ್ಟು ನೀರು?"

ಯಾರು ಕುಡಿಯುತ್ತಿದ್ದಾರೆ ಎನ್ನುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಒಣಗಿದ ನಾಲಗೆ ಕಾಣುತ್ತಿತ್ತು. ಅರವಟ್ಟಿಗೆಯವಳು ಗಿಂಡಿ ಹಿಡಿದುಕೊಂಡು ಎಲ್ಲರಿಗಿಂತ ಹತ್ತಿರದಲ್ಲಿ ನಿಂತಿದ್ದಳು. ಎಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಈಗ ಹೇಳಬೇಕು, ಈಗ, ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಲಿಲ್ಲ. ಹೇಳಿದರೆ ನೀನು ಯಾರಿಗೆ ಹಾಕಿದೆ ಎಂದು ಮೊದಲು ತನ್ನನ್ನೇ ಕೇಳುತ್ತಾರೆ, ಅದು ಕುಂಬಾರಗಿತ್ತಿಯ ಕಿವಿಗೆ ಬೀಳುತ್ತದೆ ಎಂಬ ಹೆದರಿಕೆ.

ಹೀಗೆ ಅನ್ಯಾಯಕ್ಕೆ ದಾಹ, ದಾಹಕ್ಕೆ ಬಾವಿ ಬತ್ತುವುದು, ಬಾವಿ ಬತ್ತಿದ್ದಕ್ಕೆ ಕೇರಿಯವರ ಮೇಲೆ ಇನ್ನೊಂದು ಅನ್ಯಾಯ, ಅದಕ್ಕೆ ಇನ್ನಷ್ಟು ದಾಹ. ಗಾಣದ ಎತ್ತು ಸುತ್ತಿದಂತೆ ಊರು ಸುತ್ತತೊಡಗಿತು. ಡಂಗುರದವನು ಮತ್ತೆ ಬಂದ. ಇನ್ನು ತೆಂಕಣ ಕೇರಿಯವರು ಬಾವಿಯನ್ನು ಮುಟ್ಟಕೂಡದು, ಅರವಟ್ಟಿಗೆಯಲ್ಲೂ ಅವರಿಗೆ ಹನಿ ನೀರು ಕೊಡಕೂಡದು ಎಂದು ಸಾರಿದ. ಹೆಬ್ಬಾಗಿಲಿನಾಚೆ ಒಂದು ಒರತೆ ಇತ್ತು. ಬೆಳಗಿನಿಂದ ಕಾದರೆ ಮನೆಗೊಂದು ಚೊಂಬು ರಾಡಿನೀರು ಜಿನುಗುತ್ತಿತ್ತು. ಕೇರಿಯವರು ಅದರ ಸುತ್ತ ಕೂತರು.

ಸಂತೆಯ ದಿನ ಬಂತು. ಕುಂಬಾರಗಿತ್ತಿ ಬರಲಾರಳು ಎಂದು ಅರವಟ್ಟಿಗೆಯವಳು ಅಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ ಬರದಿರಲಿ ಎಂದು ಬೇಡಿಕೊಂಡಿದ್ದಳು. ಉರಿಬಿಸಿಲಿನಲ್ಲಿ, ತಲೆಯ ಮೇಲೆ ಹೊಸ ಹರವಿ ಹೊತ್ತು, ಅವಳು ಬಂದೇ ಬಂದಳು. ಹರವಿ ಇಳಿಸಿದಳು. ತಟ್ಟಲಿಲ್ಲ. ಅರವಟ್ಟಿಗೆಯವಳ ಮುಖವನ್ನು ಒಂದು ಗಳಿಗೆ ನೋಡಿ, ಬೊಗಸೆ ಒಡ್ಡಿದಳು.

"ಅಕ್ಕ, ವಸಿ ನೀರು ಹುಯ್ಯಿ."

ಅರವಟ್ಟಿಗೆಯವಳು ಗಿಂಡಿ ಎತ್ತಿಕೊಂಡಳು. ಗಿಂಡಿಯ ತುಂಬ ನೀರಿತ್ತು. ಬೊಗಸೆಗೂ ಗಿಂಡಿಗೂ ಮೊಳದ ದೂರ. ಬಾವಿಯ ಕಟ್ಟೆಯ ಮೇಲೆ ಡಂಗುರದವನು ಕೂತು ಇತ್ತಲೇ ನೋಡುತ್ತಿದ್ದ.

"ಸಾರಿರೋದು ಕೇಳ್ಲಿಲ್ವೇನೆ?" ಎಂದಳು, ತಗ್ಗಿದ ದನಿಯಲ್ಲಿ.

"ಕೇಳ್ದೆ."

"ಮತ್ತೆ?"

"ಆದ್ರೂ ನೀನು ಕೊಡ್ತೀಯೇನೋ ಅಂತ ಬಂದೆ."

"ನನ್ನ ಕೈಲಿ ಏನೈತೆ ಹೇಳು? ನಾನು ಕೊಟ್ರೆ ಈ ಅರವಟ್ಟಿಗೇನೇ ಮುಚ್ತಾರೆ. ಆಗ ಯಾರ್ಗೂ ಇಲ್ಲ. ಸ್ವಲ್ಪ ದಿನ ತಡ್ಕೊ ಕಣೆ. ಎಲ್ಲ ಸರಿಹೋಯ್ತದೆ."

ಕುಂಬಾರಗಿತ್ತಿ ಬೊಗಸೆಯನ್ನು ಇಳಿಸಲಿಲ್ಲ. ಬೇಡುವ ಮುಖವಾಗಿರಲಿಲ್ಲ ಅದು. ಕೋಪದ್ದೂ ಅಲ್ಲ. ಏನನ್ನೋ ಕಾಯುವ ಮುಖವಾಗಿತ್ತು. ಅರವಟ್ಟಿಗೆಯವಳು ಆ ಮುಖವನ್ನು ನೋಡಲಾರದೆ ಗಿಂಡಿಯನ್ನು ಹರವಿಯ ಮೇಲಿಟ್ಟು, ಬೆನ್ನು ತಿರುಗಿಸಿ, ತೊಳೆದ ಚೊಂಬನ್ನೇ ಮತ್ತೆ ತೊಳೆಯತೊಡಗಿದಳು. ತಿರುಗಿ ನೋಡಿದಾಗ ಹೊಸ ಹರವಿ ಇತ್ತು, ಅದನ್ನು ತಂದವಳು ಇರಲಿಲ್ಲ.

ಆ ದಿನ ಹತ್ತಿದ ದಾಹ ಹಿಂದಿನದರಂತಲ್ಲ. ಅದು ಬರೀ ಮುಂದಾಳು ಮಾಡಿದ ಅನ್ಯಾಯದ್ದಲ್ಲ, ಅವಳದೇ ಕೈ ಮಾಡಿದ್ದರದ್ದು. ನೀರು ಕುಡಿದಳು, ಮಜ್ಜಿಗೆ ಕುಡಿದಳು, ಎಳನೀರು ತರಿಸಿ ಕುಡಿದಳು. ಹೊಟ್ಟೆ ಉಬ್ಬಿತು, ನಾಲಗೆ ಒಣಗಿಯೇ ಇತ್ತು. ನೀರು ಕೊಡುವವಳು ನೀರು ಕೊಡಲಿಲ್ಲವೆಂದರೆ ಅವಳು ಇನ್ನೇನು? ಹರವಿಗಳ ನಡುವೆ ಕೂತು ಅವಳು ತನ್ನ ಮನಸ್ಸಿನ ಜೊತೆ ವಾದಕ್ಕೆ ಬಿದ್ದಳು.

ನಾನೊಬ್ಬಳೇ ಹಾಕಿದೆನಾ? ಅರ್ಧ ಊರು ಹಾಕಿತು. ಹಿಡಿಗಟ್ಟಲೆ ಹಾಕಿದವರಿದ್ದಾರೆ, ನನ್ನದು ಚಿಟಿಕೆ. ಆ ಮುದುಕನಾದರೂ ಏನು ಕಡಿದು ಕಟ್ಟೆ ಹಾಕುತ್ತಿದ್ದ? ಇವನು ಹೀಗೆ ಮಾಡುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಇಲ್ಲಿಗೆ ಬಂದಾಗ ವಾದ ನಿಂತುಬಿಡುತ್ತಿತ್ತು. ಗೊತ್ತಿತ್ತು. ಕಟ್ಟೆಯ ಮೇಲೆ ನಿಂತು, ಹಾಡುಹಗಲಿನಲ್ಲಿ, ಎಲ್ಲರಿಗೂ ಕೇಳುವಂತೆ ಅವನು ಹೇಳಿದ್ದ. ಅವಳು ಕೇಳಿಸಿಕೊಂಡಿದ್ದಳು. ನಕ್ಕಿದ್ದಳು. ಮೋಸ ಹೋದೆ ಎನ್ನೋಣವೆಂದರೆ ಅವನು ಮೋಸವನ್ನೇ ಮಾಡಿರಲಿಲ್ಲ. ಗೆಳತಿಯ ಬಾಳಿಗಿಂತ ತನ್ನ ಮುಖ ನೋಡಿ ಆಡಿದ ಒಂದು ಮಾತು ಆ ಕತ್ತಲೆಯಲ್ಲಿ ಅವಳಿಗೆ ಹೆಚ್ಚಾಗಿ ತೂಗಿತ್ತು. ಇಷ್ಟೇ ವಿಷಯ.

ದಾಹ ಹೋಗುವ ದಾರಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ತೆಂಕಣ ಕೇರಿಗೆ ಹೋಗುವುದು, ಆ ಬಾಗಿಲಲ್ಲಿ ನಿಲ್ಲುವುದು, ನಾನೂ ಹಾಕಿದ್ದೆ ಎನ್ನುವುದು. ನಾಳೆ ಹೋಗುತ್ತೇನೆ ಎಂದು ಪ್ರತಿ ಬೆಳಗ್ಗೆ ಅಂದುಕೊಂಡಳು. ನಿನ್ನ ಮೇಲಾಣೆ ಎಂದ ಬಾಯಲ್ಲಿ ಅದನ್ನು ಹೇಗೆ ಹೇಳುವುದು? ಹೇಳಿದರೆ ದಾಹ ಹೋಗಬಹುದು, ಆದರೆ ಗೆಳತಿಯೂ ಹೋಗುತ್ತಾಳೆ. ಹೀಗೆ ನಾಳೆ ನಾಳೆ ಎಂದು ತಳ್ಳಿದಳು. ಬಾಯಿ ಒದ್ದೆ ಮಾಡಿಕೊಳ್ಳಲು ಅವಳ ಬಳಿ ಹರವಿ ಹರವಿ ನೀರಿತ್ತಲ್ಲ.

ಡಂಗುರದವನು ಮತ್ತೆ ಬಂದ. ಈ ಸಲ ಅವನ ದನಿಯೂ ಒಣಗಿತ್ತು. ಪಾಪ, ಅವನೂ ಉಪ್ಪು ಹಾಕಿದವನೇ. ಹೊತ್ತು ನೆತ್ತಿಗೇರುವ ಮೊದಲು ತೆಂಕಣ ಕೇರಿಯವರು ಊರು ಬಿಡತಕ್ಕದ್ದು, ಬಾಗಿಲು ತೆರೆದಿದೆ ಎಂದು ಸಾರಿದ.

ಅರವಟ್ಟಿಗೆಯವಳು ಗಿಂಡಿ ಬಿಸಾಕಿ ಓಡಿದಳು. ಕೇರಿಯ ಮನೆಗಳ ಬಾಗಿಲು ತೆರೆದುಕೊಂಡಿದ್ದವು, ಒಳಗೆ ಯಾರೂ ಇರಲಿಲ್ಲ. ಕುಂಬಾರಗಿತ್ತಿಯ ಅಂಗಳದಲ್ಲಿ ಮಡಕೆ ಮಾಡುವ ತಿಗರಿ ಮಗುಚಿ ಬಿದ್ದಿತ್ತು. ಹೆಬ್ಬಾಗಿಲಿನಲ್ಲಿ ಜನ ಸಾಲುಗಟ್ಟಿದ್ದರು. ಗಂಟುಮೂಟೆ, ಚಾಪೆ, ಕೋಳಿ, ಕಂಕುಳಲ್ಲಿ ಕೂಸು. ಎದುರಿಗೆ ಸುಡುವ ಕಲ್ಲುಬಯಲು. ಮುಂದಾಳು ಬಂದಿರಲಿಲ್ಲ. ಇಂಥ ಕೆಲಸಕ್ಕೆ ಮುಂದಾಳುಗಳು ಬರುವುದಿಲ್ಲ. ಉಪ್ಪು ಕೊಟ್ಟವರು ಬಂದಿದ್ದರು, ಗೋಡೆಗಳ ಮರೆಯಲ್ಲಿ ನಿಂತು ನೋಡುತ್ತಿದ್ದರು. ಅವರಿಗೆ ಒಂದು ಹೆದರಿಕೆ ಹುಟ್ಟಿತ್ತು. ಇವರೆಲ್ಲ ಹೋಗಿಬಿಟ್ಟರೆ ದಾಹ ತೀರಿಸಲು ಇನ್ನು ಯಾರ ಬಳಿ ನೀರು ಕೇಳುವುದು? ಆದರೂ ಒಬ್ಬರೂ ಮುಂದೆ ಬರಲಿಲ್ಲ.

ಅರವಟ್ಟಿಗೆಯವಳು ಸಾಲಿನುದ್ದಕ್ಕೂ ಹುಡುಕಿ ಕುಂಬಾರಗಿತ್ತಿಯನ್ನು ಕಂಡಳು. ಸೊಂಟದ ಮೇಲೊಂದು ಕೊಡ, ಸೆರಗು ಹಿಡಿದುಕೊಂಡ ಮಗಳು. ಮಗಳ ತುಟಿ ಸಿಪ್ಪೆ ಸುಲಿದಿತ್ತು. ಅದು ಉಪ್ಪಿನ ದಾಹವಲ್ಲ, ನಿಜವಾದ ಬಾಯಾರಿಕೆ.

ಅರವಟ್ಟಿಗೆಯವಳು ನೆಲಕ್ಕೆ ಮಂಡಿಯೂರಿ ಬೊಗಸೆ ಒಡ್ಡಿದಳು. ಗೋಡೆಯ ಮರೆಯಲ್ಲಿದ್ದವರೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು:

"ನಾನೂ ಉಪ್ಪು ಹಾಕಿದ್ದೆ ಕಣೆ. ಅವನಿಗೇ ಹಾಕಿದ್ದೆ. ನಿನ್ನ ಮೇಲೆ ಸುಳ್ಳಾಣೆ ಇಟ್ಟೆ. ನೀರು ಕೊಡು."

ಕುಂಬಾರಗಿತ್ತಿ ಸೊಂಟದ ಕೊಡವನ್ನು ತೆಗೆದು ಬೊಗಸೆಯ ಮೇಲೆ ಬಗ್ಗಿಸಿದಳು. ಏನೂ ಬೀಳಲಿಲ್ಲ. ಕೊಡವನ್ನು ಪೂರ್ತಿ ಮಗುಚಿ ಹಿಡಿದಳು. ಒಂದಿಷ್ಟು ಒಣಮಣ್ಣು ಉದುರಿತು.

"ಎಲ್ಲಿಂದ ತರ್ಲಿ ಅಕ್ಕ?" ಎಂದಳು.

ಅರವಟ್ಟಿಗೆಯವಳಿಗೆ ಎದ್ದದ್ದೂ ಗೊತ್ತಾಗಲಿಲ್ಲ, ಓಡಿದ್ದೂ ಗೊತ್ತಾಗಲಿಲ್ಲ. ಹರವಿಗೆ ಕಟ್ಟಿದ್ದ ಬಟ್ಟೆ ಕಿತ್ತಳು. ಎರಡು ಕೊಡ ತುಂಬಿದಳು, ತಲೆಯ ಮೇಲೊಂದು, ಸೊಂಟದ ಮೇಲೊಂದು. ಡಂಗುರದವನು ಅಡ್ಡ ಬಂದ. "ಅಕ್ಕಾ, ಅಪ್ಪಣೆ ಆಗೈತೆ" ಎಂದ. "ದಾರಿ ಬಿಡು, ಇಲ್ಲಾಂದ್ರೆ ನಿನ್ನ ಮೇಲೇ ಹುಯ್ತೀನಿ" ಎಂದಳು. ಅವನು ದಾರಿ ಬಿಟ್ಟ. ನೋಡಿ, ಇಷ್ಟೇ ಸಾಕಾಗಿತ್ತು. ಸಂತೆಯ ದಿನವೂ ಇಷ್ಟೇ ಸಾಕಾಗಿತ್ತು. ಅದು ಅವಳಿಗೂ ಆಗಲೇ ಹೊಳೆಯಿತು. ಆದರೂ ನಿಲ್ಲದೆ ನೀರು ಹೊತ್ತು ಹೋದಳು, ಮತ್ತೆ ಬಂದಳು, ಮತ್ತೆ ಹೊತ್ತಳು. ಹರವಿಗಳೆಲ್ಲ ಬರಿದಾಗುವವರೆಗೆ ಹೊತ್ತಳು. ಸಾಲಿನಲ್ಲಿದ್ದ ಮಕ್ಕಳಿಗೆ ಕುಡಿಸಿದಳು, ಮುದುಕರಿಗೆ ಕುಡಿಸಿದಳು, ಇದ್ದ ಚೊಂಬು ಚೊಂಬಿಗೂ ತುಂಬಿದಳು. ಕಡೆಯ ಕೊಡದ ನೀರನ್ನು ಕುಂಬಾರಗಿತ್ತಿಯ ಕೊಡಕ್ಕೆ ಸುರಿದಳು. ಅಲ್ಲಿಗೆ ಅರವಟ್ಟಿಗೆಯಲ್ಲಿ ಹನಿಯೂ ಉಳಿಯಲಿಲ್ಲ.

ಮತ್ತೆ ಬೊಗಸೆ ಒಡ್ಡಲು ಅವಳಿಗೆ ನಾಚಿಕೆಯಾಯಿತು. ಬಿರಿದ ತುಟಿಯಿಂದ ರಕ್ತ ಒಸರುತ್ತಿತ್ತು.

"ನೀನು ಹಾಕಿದ್ದು ನಂಗೆ ಗೊತ್ತಿತ್ತು ಕಣಕ್ಕ" ಎಂದಳು ಕುಂಬಾರಗಿತ್ತಿ. "ಮೊದಲ್ನೇ ಸಲ ಸಾರಿದ ದಿನಾನೇ, ಬಾವಿ ತಾವ ನಿನ್ನ ತುಟಿ ನೋಡ್ದೆ."

"ಗೊತ್ತಿದ್ದೂ ಅವತ್ತು ನನ್ನತ್ರ ಬಂದೆಯಾ? ನೀರು ಕೇಳಕ್ಕೆ?"

"ನನಗೆ ಅಂತ ಕೇಳ್ಲಿಲ್ಲ. ಒರತೆ ನೀರು ಕುಡಿದೇ ಬಂದಿದ್ದೆ. ನೀನು ಹುಯ್ದಿದ್ರೆ ಆ ಬೊಗಸೆ ನೀರನ್ನ ನಿನ್ಗೇ ಕುಡಿಸೋಣ ಅಂತಿದ್ದೆ. ನೀನಾಗಿ ಬಾಯಿಬಿಟ್ಟು ಕೇಳಲ್ಲ, ನಂಗೊತ್ತು ನಿನ್ನ ಬುದ್ಧಿ. ಕೇಳದೆ ಕೊಟ್ರೆ ದಾಹ ಹೋಗ್ತದೋ ಇಲ್ವೋ, ನೋಡೇಬಿಡಾನ ಅಂತ ಬಂದಿದ್ದೆ."

ಅರವಟ್ಟಿಗೆಯವಳ ಗಂಟಲಿನಿಂದ ಒಂದು ಸದ್ದು ಬಂತು. ಅಳುವೇ ಇರಬೇಕು. ಕಣ್ಣಿನಲ್ಲಿ ನೀರು ಬರಲಿಲ್ಲ.

ಕುಂಬಾರಗಿತ್ತಿ ಕೊಡದ ಮೇಲೆ ಕೈಯಿಟ್ಟಳು. ಒಂದು ಸಲ ಕೊಡವನ್ನು ನೋಡಿದಳು, ಒಂದು ಸಲ ಬಯಲನ್ನು ನೋಡಿದಳು. ಮಗಳು ಅವಳ ಸೆರಗನ್ನು ಜಗ್ಗಿ, "ಅವ್ವಾ, ಇನ್ನೊಂಚೂರು" ಎಂದಳು.

"ಇದು ದಾರಿಗೆ ಬೇಕಕ್ಕ" ಎಂದಳು ಕುಂಬಾರಗಿತ್ತಿ.

"ಹೂಂ" ಎಂದಳು ಅರವಟ್ಟಿಗೆಯವಳು. "ಚೆಲ್ಲದಂಗೆ ತಗೊಂಡೋಗು."

ಅವಳೇ ಬಗ್ಗಿ ಕೊಡವನ್ನು ಎತ್ತಿ ಗೆಳತಿಯ ಸೊಂಟದ ಮೇಲೆ ಕೂರಿಸಿದಳು. ತನ್ನ ಸೆರಗಿನಿಂದ ಒಂದು ತುಂಡು ಹರಿದು ಕೊಡದ ಬಾಯಿಗೆ ಕಟ್ಟಿದಳು. ಸಾಲು ಮುಂದೆ ಸರಿಯಿತು. ಕುಂಬಾರಗಿತ್ತಿ ಹಿಂತಿರುಗಿ ನೋಡಲಿಲ್ಲ. ಮಗಳು ನೋಡಿದಳು. ಹೊತ್ತು ನೆತ್ತಿಗೇರುವಷ್ಟರಲ್ಲಿ ಅವರೆಲ್ಲ ಬಯಲಿನ ಬಿಸಿಲಿನಲ್ಲಿ ಸಣ್ಣಗಾಗಿ ಕಾಣದಾದರು. ಡಂಗುರದವನು ಹೆಬ್ಬಾಗಿಲನ್ನು ಎಳೆದು ಅಗಳಿ ಹಾಕಿದ.

ಆಗ ಗೋಡೆಗಳ ಮರೆಯಿಂದ ಜನ ಹೊರಗೆ ಬಂದರು. ಅವಳ ಸುತ್ತ ನೆರೆದರು.

"ಕೊಟ್ಟಳಾ?" ಎಂದಳು ಅಕ್ಕಸಾಲಿಗನ ಹೆಂಡತಿ, ಉಸಿರು ಬಿಗಿಹಿಡಿದು.

"ಇಲ್ಲ."

"ಅಷ್ಟೊಂದು ನೀರು ಹೊತ್ತು ತಂದು ಕೊಟ್ರೂ ಒಂದು ಬೊಗಸೆ ಕೊಡ್ಲಿಲ್ವಾ? ಎಂಥ ಕಲ್ಲೆದೆ ನೋಡಿ! ಇಂಥವರು ಅಂತ ಗೊತ್ತಿದ್ದಕ್ಕೇ ಮುಂದಾಳು ಅವರನ್ನ ಕಳಿಸಿದ್ದು."

ಹೌದು ಹೌದು ಎಂದು ಒಂದಿಬ್ಬರು ಗೊಣಗಿದರು. ಅವರ ಮುಖದಲ್ಲಿ ಏನೋ ಒಂದು ನೆಮ್ಮದಿ ಮೂಡತೊಡಗಿತ್ತು.

"ಮುಂದಾಳು ಕಳಿಸಲಿಲ್ಲ" ಎಂದಳು ಅರವಟ್ಟಿಗೆಯವಳು. ನಾಲಗೆ ಒಣಗಿದ್ದರಿಂದ ಮಾತು ನಿಧಾನವಾಗಿ, ಒಂದೊಂದಾಗಿ ಬಂತು. "ನಾನು ಕಳಿಸಿದೆ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಕ್ಕಸಾಲಿಗನ ಹೆಂಡತಿಯ ಮುಖ ನೋಡಿದಳು, ಡಂಗುರದವನ ಮುಖ ನೋಡಿದಳು. ಇನ್ನೊಬ್ಬರು ಯಾರಾದರೂ ನಾನೂ ಎನ್ನುತ್ತಾರೇನೋ ಎಂದು ಬಹಳ ಹೊತ್ತು ಕಾದಳು. ಅವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ, ಒಣಗಿದ ತುಟಿಯನ್ನು ಸವರಿಕೊಳ್ಳುತ್ತ, ತಮ್ಮ ತಮ್ಮ ಮನೆಗಳ ಕಡೆ ನಡೆದರು.